ಖಾಲಿ ಮೊಳೆಗೆ ಇಟ್ಟ ಕುಂಕುಮ

ಕಡಲಾಚೆಯಿಂದ ಬಂದ ಮೇಲೆ ನೆಂಟರಿಷ್ಟರೆಲ್ಲ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಏನು ಉಂಡೆ, ಅಲ್ಲಿಯ ಹೆಂಗಸರು ಏನು ಉಡುತ್ತಾರೆ. ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಹೇಳಬೇಕೆಂದು ಹೊಟ್ಟೆಯಲ್ಲಿಟ್ಟುಕೊಂಡು ಬಂದ ಸಂಗತಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಗೋಡೆಯ ಮೇಲಿನ ಒಂದು ಮೊಳೆಯ ಸಂಗತಿ. ಕೇಳದಿದ್ದರೂ ಹೇಳಿಬಿಡೋಣವೆಂದು ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೆಯ ತರಗತಿ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಬೇಕು.

ನಮ್ಮದು ದೇವನಹಳ್ಳಿ ಸೀಮೆಯಲ್ಲಿ, ಆವತಿಯಿಂದ ವಿಜಯಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಒಂದು ಮನೆ. ನಮ್ಮ ಯಜಮಾನರು ರಾಮಯ್ಯನವರು ಮೊದಲು ಸ್ಕೂಲು ಮೇಷ್ಟರಾಗಿದ್ದರು. ಆಮೇಲೆ ರೇಷ್ಮೆ ಬೆಳೆಗಾರರ ಸಂಘಕ್ಕೆ ಕಾರ್ಯದರ್ಶಿಯಾದರು. ಸಂಘದ ಅಧ್ಯಕ್ಷರು ಊರಿನ ದೊಡ್ಡಗೌಡರು. ಸ್ವಾತಂತ್ರ್ಯ ಬಂದ ವರ್ಷ ನಮ್ಮ ಸುತ್ತಿನಲ್ಲಿ ಎರಡು ಬೆಳೆ ಹುಳುವೂ ಗಂಟುರೋಗಕ್ಕೆ ಸಿಕ್ಕಿ ತಟ್ಟೆತಟ್ಟೆಯೇ ಸತ್ತುಹೋಯಿತು. ಇಟಲಿ ದೇಶದಲ್ಲಿ ರೋಗವಿಲ್ಲದ ಮೊಟ್ಟೆ ಮಾಡುವುದನ್ನು ಕಲಿತು ಬರಲಿ ಎಂದು ಗೌಡರು ಅಲ್ಲಿ ಇಲ್ಲಿ ಓಡಾಡಿ ನಮ್ಮವರನ್ನು ಕಳಿಸಲು ಏರ್ಪಾಡು ಮಾಡಿದರು. ಅಲ್ಲಿ ಆ ಕೆಲಸವೆಲ್ಲ ಹೆಂಗಸರದಂತೆ. ನಮ್ಮ ಹೆಂಗಸರಿಗೆ ಕಲಿಸಬೇಕಾದರೆ ಒಬ್ಬ ಹೆಂಗಸೇ ನೋಡಿ ಬರಬೇಕು ಎಂದು ನನ್ನನ್ನೂ ಜೊತೆ ಮಾಡಿದರು. ಹೀಗೆ ಹೊಸಿಲು ದಾಟಲು ನಾಚುತ್ತಿದ್ದವಳು ಸಮುದ್ರ ದಾಟಿದೆ.

ಹೊರಡುವ ಮುನ್ನ ಗೌಡರು ಜಗಲಿಯ ಮೇಲೆ ಕೂತು ಒಂದು ಮಾತು ಹೇಳಿದರು.

“ಮೇಷ್ಟ್ರೇ, ಹಡಗಲ್ಲಿ ಕೂತು ಏನ್ ಮಾಡ್ತೀರಿ? ನಂಗೊಂದು ಪುಸ್ತಕ ಬರ್ದುಕೊಡಿ. ಇನ್ಮೇಲೆ ಎಲ್ಲಾರ್ಗೂ ಓಟಂತೆ. ದನ ಕಾಯೋನ್ಗೂ ಒಂದು, ನಂಗೂ ಒಂದು. ಹೆಣ್ಮಕ್ಳಿಗೂ ಒಂದು! ಇದು ನಡೆಯೋ ಮಾತಾ? ಹಿಂದಿನೋರು ಹೆಂಗಿದ್ರು, ಯಾರ್ ಎಲ್ಲಿರಬೇಕು, ಅದ್ನ ಚೆಂದಾಗಿ ಬರೀರಿ. ನಾನು ಹೇಳಿದ್ರೆ ಗೌಡ ಜಬರ್ದಸ್ತು ಮಾಡ್ತಾನೆ ಅಂತಾರೆ. ನೀವು ಬರೆದ್ರೆ ಶಾಸ್ತ್ರ ಅಂತಾರೆ.”

ನಮ್ಮವರು ಒಪ್ಪಿಕೊಂಡರು. ಗೌಡರ ಉಪಕಾರವಿತ್ತು, ಅದೊಂದು. ನಮ್ಮವರಿಗೆ ಹಳೆಯ ಕಾಲದ ಮೇಲೆ ನಿಜವಾದ ಪ್ರೀತಿಯೂ ಇತ್ತು.

ನಮ್ಮ ಮಗಳು ಕಮಲಿಗೆ ಆಗ ಹದಿಮೂರು. ಅವಳನ್ನು ದೇವನಹಳ್ಳಿಯ ಹೈಸ್ಕೂಲಿಗೆ ಸೇರಿಸುವುದೆಂದು ಮೊದಲೇ ಮಾತಾಗಿತ್ತು. ಆದರೆ ಹೆಣ್ಣಿಗೆ ಮನೆಯೇ ಪಾಠಶಾಲೆ ಎಂದು ಪುಸ್ತಕದಲ್ಲಿ ಬರೆಯುವವರು ಸ್ವಂತ ಮಗಳನ್ನು ಬಸ್ಸು ಹತ್ತಿಸುವುದು ಹೇಗೆ? “ಬಂದ್ಮೇಲೆ ನೋಡೋಣ ಕಣಮ್ಮ” ಎಂದರು. ಆ ಮಾತಿನ ಅರ್ಥ ಅವಳಿಗೆ ಆಯಿತು. ಪುಸ್ತಕಗಳನ್ನೆಲ್ಲ ನನ್ನ ಹಳೆಯ ಸೀರೆ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟು, ಅಜ್ಜಿಯ ಜೊತೆ ಅವರೆಕಾಯಿ ಸುಲಿಯಲು ಕೂತಳು. ನನಗೂ ಆಗ ಅದು ಸರಿಯೆಂದೇ ತೋರಿತ್ತು. ಸುಳ್ಳು ಯಾಕೆ ಹೇಳಲಿ.

ಹಡಗು

ಅಲ್ಲಿಯವರೆಗೆ ನಾನು ಕಂಡಿದ್ದ ದೊಡ್ಡ ನೀರೆಂದರೆ ಕೋಡಿ ಬಿದ್ದ ಕೆರೆ. ಬೊಂಬಾಯಿಯಲ್ಲಿ ಮೊದಲ ಸಲ ಕಡಲನ್ನು ನೋಡಿದೆ. ಅದಕ್ಕೆ ಏರಿ ಇಲ್ಲ, ತೂಬು ಇಲ್ಲ, ಆಚೆ ದಡವೂ ಇಲ್ಲ. ಹಡಗು ಹತ್ತಿದ್ದೇ ವಾಂತಿ ಶುರುವಾಯಿತು. ಇಷ್ಟು ನೀರನ್ನು ಏರಿ ಇಲ್ಲದೆ ನಿಲ್ಲಿಸಿದ ಸ್ವಾಮಿ, ನನ್ನ ಹೊಟ್ಟೆಯೊಳಗಿನದನ್ನೂ ನಿಲ್ಲಿಸಪ್ಪ ಎಂದು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತೆ. ಎರಡನೆಯ ದಿನ ಸಂಜೆಗೆ ವಾಂತಿ ನಿಂತಿತು. ಮೂರನೆಯ ದಿನ ಉಪ್ಪಿನಕಾಯಿ ನೆಕ್ಕುವಷ್ಟು ಸುಧಾರಿಸಿದೆ.

ನಮ್ಮವರು ಮಧ್ಯಾಹ್ನದ ಹೊತ್ತು ಹಡಗಿನ ಮೇಲಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದರು. ಬರೆದದ್ದನ್ನು ನನಗೆ ಓದಿ ಹೇಳುತ್ತಿದ್ದರು. ಅವರ ಕನ್ನಡ ಎಂದರೆ ಆಗತಾನೆ ಕರೆದ ಹಾಲು ಕುಡಿದ ಹಾಗೆ, ಬೆಚ್ಚಗೆ ಇಳಿಯುತ್ತದೆ. ಹಿಂದಿನವರ ಅವಿಭಕ್ತ ಕುಟುಂಬ, ಸಂಜೆ ದೀಪಕ್ಕೆ ಕೈಮುಗಿಯುವ ಮಕ್ಕಳು, ಮಾತು ಮೀರದ ಸೊಸೆಯಂದಿರು, ಎಲ್ಲವೂ ಕಣ್ಣಿಗೆ ಕಟ್ಟುವ ಹಾಗೆ. ಒಂದು ದಿನ ಹೀಗೆ ಓದಿದರು: “ಮನೆಗೆ ಒಂದೇ ದೀಪ ಸಾಕು. ಮನೆಮಂದಿಯೆಲ್ಲ ಒಂದೊಂದು ದೀಪ ಹಿಡಿದು ಓಡಾಡಿದರೆ ಸೂರಿಗೆ ಬೆಂಕಿ.”

“ಹೆಂಗಿದೆ?” ಎಂದರು.

“ಕಣ್ಣಲ್ಲಿ ನೀರು ಬರ್ತೈತೆ ಕಣ್ರೀ” ಎಂದೆ. ನಿಜವಾಗಿಯೂ ಬಂದಿತ್ತು. ಸೆರಗಿನಲ್ಲಿ ಒರೆಸಿಕೊಂಡೆ.

ಜಿನೋವಾ

ಇಳಿದ ಬಂದರಿನ ಹೆಸರು ಜಿನೋವಾ. ಅಲ್ಲಿ ಸಾಮಾನು ನೋಡುವ ಅಧಿಕಾರಿ ನನ್ನ ರಾಗಿ ಹುರಿಹಿಟ್ಟಿನ ಡಬ್ಬ ತೆರೆದು, ಮೂಸಿ, ಇನ್ನೊಬ್ಬನನ್ನು ಕರೆದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಸಿಡಿಮದ್ದಿನ ಪುಡಿ ಎಂದುಕೊಂಡರೋ ಏನೋ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿ, ಅವನ ಅಂಗೈಗೂ ಒಂದಿಷ್ಟು ಹಾಕಿದೆ. ಪಾಪ, ಒಣಹಿಟ್ಟನ್ನು ಒಟ್ಟಿಗೇ ಬಾಯಿಗೆ ಸುರಿದುಕೊಂಡು ಉಸಿರೆಳೆದ. ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ನಮ್ಮ ಮನೆಯ ಅಭ್ಯಾಸ ನೋಡಿ, ಯೋಚನೆ ಮಾಡದೆ “ಯಾರೋ ನೆನೆಸ್ಕೊಂಡ್ರು ಕಣಪ್ಪಾ” ಎನ್ನುತ್ತಾ ನೆತ್ತಿ ತಟ್ಟಿಬಿಟ್ಟೆ. ಸರ್ಕಾರದ ಟೋಪಿ ನೆಲಕ್ಕೆ ಬಿತ್ತು. ನಮ್ಮವರು ಕಣ್ಣು ಮುಚ್ಚಿಕೊಂಡರು. ಆ ಅಧಿಕಾರಿ ಟೋಪಿ ಎತ್ತಿಕೊಂಡು, ಧೂಳು ಕೊಡವಿ, ನನಗೆ ಬಾಗಿ ವಂದಿಸಿ ಡಬ್ಬಕ್ಕೆ ಮುಚ್ಚಳ ಹಾಕಿಕೊಟ್ಟ. ಪರದೇಶದಲ್ಲಿ ಮೊದಲ ದಯೆ.

ಊರೊಳಗೆ ಬಂದರೆ ಯುದ್ಧದ ಗಾಯ ಇನ್ನೂ ಹಾಗೇ ಇತ್ತು. ಮನೆಗಳನ್ನು ಅರ್ಧಕ್ಕೆ ಕುಯ್ದಿಟ್ಟ ಹಾಗೆ. ಒಂದು ಮನೆಯ ಮೂರನೆಯ ಅಂತಸ್ತಿನಲ್ಲಿ ನೆಲವೇ ಇಲ್ಲ. ಗೋಡೆಯಲ್ಲಿ ಮಾತ್ರ ಒಂದು ಒಲೆ, ಅದರ ಮೇಲೆ ತೂಗುಹಾಕಿದ ಬಾಣಲೆ. ಆ ಬಾಣಲೆಯವಳು ಎಲ್ಲಿ ಹೋದಳೋ. ನಾನು ಅಲ್ಲಿಯೇ ನಿಂತು ಕೈಮುಗಿದೆ.

ಕೆರೆಯ ದಡದ ಮನೆ

ನಾವು ಉಳಿದದ್ದು ಮಿಲಾನ್ ಪಟ್ಟಣದಿಂದ ಉತ್ತರಕ್ಕೆ, ಹಿಮದ ಬೆಟ್ಟಗಳ ಬುಡದಲ್ಲಿರುವ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಆ ಮನೆಯವರು ಇನ್ನೂ ಅಲ್ಲಿದ್ದಾರೆ. ಮುಂದೆ ಕಪ್ಪು ನೀಲಿಯ ದೊಡ್ಡ ಕೆರೆ, ಹಿಂದೆ ಬೆಟ್ಟದ ನೆತ್ತಿಯಲ್ಲಿ ಬಿಸಿಲಿಗೂ ಕರಗದ ಬಿಳುಪು. ಶಿವಗಂಗೆಯ ಬೆಟ್ಟ ಹತ್ತಿದವಳು ನಾನು. ಆದರೆ ಇದನ್ನು ನೋಡಿದಾಗ ಕೈಲಾಸದ ಚಿತ್ರ ಬರೆದವನು ಸುಳ್ಳು ಬರೆದಿರಲಿಲ್ಲ ಎಂದುಕೊಂಡೆ. ಹಿಪ್ಪುನೇರಳೆ ಅಲ್ಲಿ ನಮ್ಮ ಹಾಗೆ ಮೊಣಕಾಲೆತ್ತರದ ಗಿಡವಲ್ಲ, ನಮ್ಮ ಕಡೆಯ ನಲ್ಲೂರಿನ ಹಳೆಯ ಹುಣಸೆಮರಗಳ ಹಾಗೆ ಬೊಡ್ಡೆ ಕಟ್ಟಿದ ಮರ. ಏಣಿ ಹಾಕಿ ಸೊಪ್ಪು ಕುಯ್ಯುತ್ತಾರೆ.

ನಮಗೆ ಕೋಣೆ ಕೊಟ್ಟವರು ಒಬ್ಬ ಮುದಿ ಪ್ರೊಫೆಸರು. ಪ್ರಾಚೀನ ಭಾಷೆಗಳನ್ನು ಕಲಿಸುತ್ತಿದ್ದವರು. ಹೆಂಡತಿ ತೆರೇಸಮ್ಮ. ಹೆಸರು ತೆರೇಸಾ, ‘ಅಮ್ಮ’ ನಾನು ಸೇರಿಸಿದ್ದು. ಬಾಗಿಲಲ್ಲಿ ಪ್ರೊಫೆಸರು ನಮ್ಮ ಹಾಗೆಯೇ ಕೈಜೋಡಿಸಿ, ಒಂದು ಸಂಸ್ಕೃತ ಶ್ಲೋಕವನ್ನು ಸ್ವರ ತಪ್ಪದೆ ಹೇಳಿಬಿಟ್ಟರು. ಬಿಳಿಯರ ಬಾಯಲ್ಲಿ ದೇವಭಾಷೆ! ನನಗೆ ಮೈ ಝುಮ್ಮೆಂದಿತು. ಹಿಂದುಮುಂದು ನೋಡದೆ ಅವರ ಕಾಲಿಗೆ ಬಿದ್ದೆ. ಅವರು ಸುಟ್ಟವರ ಹಾಗೆ ಕಾಲು ಹಿಂದಕ್ಕೆಳೆದುಕೊಂಡರು. ತೆರೇಸಮ್ಮ ಏನೋ ಒಂದು ಚೂಪು ಮಾತು ಹೇಳಿದರು. ಪ್ರೊಫೆಸರಿಗೆ ಇಂಗ್ಲಿಷು ಬರುತ್ತಿತ್ತು. ನಮ್ಮವರು ಕೇಳಿದಾಗ ನಕ್ಕು, “ಒಂದು ಕಾಲದಲ್ಲಿ ಊರೇ ಇವರ ಕಾಲಿಗೆ ಬೀಳುತ್ತಿತ್ತು, ಈಗ ಸಮುದ್ರದಾಚೆಯಿಂದಲೂ ಬರತೊಡಗಿದರಾ, ಎನ್ನುತ್ತಿದ್ದಾಳೆ” ಎಂದರು. ನಗೆ ತುಟಿಯಲ್ಲಷ್ಟೇ ಇತ್ತು.

ಊಟಕ್ಕೆ ಮುಸುಕಿನ ಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಗೊಟಾಯಿಸಿ, ಮರದ ಹಲಗೆಯ ಮೇಲೆ ಸುರಿದು, ದಾರದಲ್ಲಿ ಕುಯ್ದು ಕೊಟ್ಟರು. ಹಳದಿ ಮುದ್ದೆ! ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಮುರಿದು, ಉರುಟಿ, ಗುಳುಕ್ಕೆಂದು ನುಂಗಿದೆ. ತೆರೇಸಮ್ಮ ಹೌಹಾರಿ ನನ್ನ ಬೆನ್ನು ಗುದ್ದಲು ಬಂದರು. ಅವರು ಅದನ್ನು ಅಗಿಯುತ್ತಾರಂತೆ. ಮುದ್ದೆಯನ್ನು ಅಗಿಯುವ ಜನ ಈ ಭೂಮಿಯ ಮೇಲಿದ್ದಾರೆ ಎನ್ನುವುದು ಆ ಕೈಲಾಸದಷ್ಟೇ ದೊಡ್ಡ ಆಶ್ಚರ್ಯ.

ಮಾರನೆಯ ದಿನ ತೆರೇಸಮ್ಮ ರವಿಕೆಯೊಳಗಿಂದ ಒಂದು ಪುಟ್ಟ ಬಟ್ಟೆಚೀಲ ತೆಗೆದು ತೋರಿಸಿದರು. ಒಳಗೆ ರೇಷ್ಮೆ ಮೊಟ್ಟೆ. ಅಲ್ಲಿಯ ಚಳಿಗೆ ಮೊಟ್ಟೆ ಒಡೆಯುವುದಿಲ್ಲವೆಂದು ಹಳೆಯ ಕಾಲದ ಹೆಂಗಸರು ಎದೆಗೆ ಕಟ್ಟಿಕೊಂಡು ಕಾವು ಕೊಡುತ್ತಿದ್ದರಂತೆ. ಈಗ ಅದಕ್ಕೆ ಯಂತ್ರ ಬಂದಿದೆ. ತೆರೇಸಮ್ಮ ಮಾತ್ರ ಬಿಟ್ಟಿಲ್ಲ. ಮುಟ್ಟಿ ನೋಡು ಎಂದು ಸನ್ನೆ ಮಾಡಿದರು. ಬೆಚ್ಚಗಿತ್ತು. ನಾವು ಹುಳುವನ್ನು ಲಕ್ಷ್ಮಿ ಎಂದು ಪೂಜಿಸುತ್ತೇವೆ, ನಿಜ. ಎದೆಯಲ್ಲಿ ಹೊತ್ತವರನ್ನು ನಾನು ನೋಡಿರಲಿಲ್ಲ.

ಮೂರನೆಯ ಬೆಳಿಗ್ಗೆ

ನಮ್ಮ ಕೋಣೆ ಮೊದಲು ಪ್ರೊಫೆಸರ ಓದುವ ಕೋಣೆಯಾಗಿತ್ತು. ಗೋಡೆಗೆ ಹೊಗೆ ಹಿಡಿದಿತ್ತು. ಮಧ್ಯದಲ್ಲಿ ಒಂದು ಕಡೆ ಮಾತ್ರ ಚೌಕಟ್ಟಿನಷ್ಟು ಜಾಗ ಬೆಳ್ಳಗೆ. ಅದರ ನೆತ್ತಿಗೆ ಒಂದು ಖಾಲಿ ಮೊಳೆ. ದೇವರ ಪಟ ಒಡೆದಿರಬೇಕು, ಹೊಸದು ತಂದಿಲ್ಲ ಎಂದುಕೊಂಡೆ. ನಮ್ಮ ಕಡೆ ಗೋಡೆಯ ನಡುವೆ ಅಂಥ ಜಾಗ ಬಿಡುವುದು ಇನ್ನು ಯಾರಿಗೆ? ಸ್ನಾನ ಮಾಡಿ, ಮೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು, ನಾನು ತಂದಿದ್ದ ಸುಬ್ರಹ್ಮಣ್ಯನ ಪಟ ತೂಗುಹಾಕಿದೆ. ಹಿತ್ತಲಿನ ಒಂದು ಬಿಳಿ ಹೂ ಮುಡಿಸಿದೆ.

ಕಾಫಿಗೆ ಕರೆಯಲು ಬಂದ ಪ್ರೊಫೆಸರು ಬಾಗಿಲಲ್ಲೇ ನಿಂತುಬಿಟ್ಟರು. ಮುಖ ಸುಣ್ಣದಂತಾಯಿತು. ಹಿಂದೆ ಬಂದ ತೆರೇಸಮ್ಮ ನೋಡಿ, ಎದೆಯ ಮೇಲೆ ಶಿಲುಬೆ ಬರೆದುಕೊಂಡು, ನಕ್ಕು, ಆಮೇಲೆ ಅತ್ತರು. ನಾನು ನಮ್ಮವರ ಕಡೆ ತಿರುಗಿದೆ.

“ಏನೂಂದ್ರೆ, ಅವ್ರ ಧರ್ಮಕ್ಕೇನಾದ್ರೂ ಮೈಲಿಗೆ ಆಯ್ತೇನೋ ಕೇಳ್ರೀ” ಎಂದೆ.

ಪ್ರೊಫೆಸರು ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ನಮ್ಮವರು ಕನ್ನಡಕ್ಕೆ ಇಳಿಸುತ್ತಾ ಹೋದರು.

“ಇಲ್ಲಿ ಇದ್ದದ್ದು ದೇವರ ಪಟವಲ್ಲ, ತಾಯಿ. ಇಪ್ಪತ್ತು ವರ್ಷ ಈ ದೇಶವನ್ನಾಳಿ ಯುದ್ಧಕ್ಕೆ ನೂಕಿದ ನಾಯಕನದು. ನಾನೇ ತೂಗುಹಾಕಿದ್ದೆ. ಹೂ ಒಂದು ಇಟ್ಟಿರಲಿಲ್ಲ ಅಷ್ಟೆ.”

ಪ್ರೊಫೆಸರು ಕೆಟ್ಟವರಾಗಿರಲಿಲ್ಲ. ಹಳ್ಳಿಯಲ್ಲಿ ಹುಟ್ಟಿ, ತಾಯಿಯ ಜೋಗುಳ, ಗುಡಿಯ ಗಂಟೆ, ಸುಗ್ಗಿಯ ಊಟ ಇವನ್ನೆಲ್ಲ ಪ್ರೀತಿಸಿದವರು. ಮೊದಲನೆಯ ಮಹಾಯುದ್ಧ ಮುಗಿದಾಗ ದೇಶದ ತುಂಬ ಮುಷ್ಕರ, ಜಗಳ, ಕೂಗು. ತಾವು ಪ್ರೀತಿಸಿದ್ದೆಲ್ಲ ಕೊಚ್ಚಿಹೋಗುತ್ತದೆ ಎಂದು ಹೆದರಿದರಂತೆ. ಆಗ ಕೆಲವರು ದೊಣ್ಣೆ ಹಿಡಿದು ಬೀದಿಗೆ ಬಂದರು.

“ಅವರ ಕೈಯಲ್ಲಿ ದೊಣ್ಣೆ ಇತ್ತು, ಮಾತಿರಲಿಲ್ಲ” ಎಂದರು ಪ್ರೊಫೆಸರು. “ದೊಣ್ಣೆಗೆ ಜನ ಹೆದರುತ್ತಾರೆ, ಮನೆಯೊಳಗೆ ಕರೆಯುವುದಿಲ್ಲ. ನಾನು ಮಾತು ಕೊಟ್ಟೆ. ಮಕ್ಕಳ ಪಾಠಪುಸ್ತಕದಲ್ಲಿ ಬರೆದೆ. ತಾಯಿಯನ್ನು ಪ್ರೀತಿಸಿ, ಹಿರಿಯರ ಮಾತು ಕೇಳಿ, ನಿಮ್ಮ ನಿಮ್ಮ ಜಾಗದಲ್ಲಿರಿ. ಅದರಲ್ಲಿ ಕೆಟ್ಟ ಮಾತು ಒಂದಾದರೂ ಇತ್ತೇ? ಪುಸ್ತಕವನ್ನು ಜನ ಮನೆಯೊಳಗೆ ಕರೆದರು. ಅದರ ಹಿಂದೆ ದೊಣ್ಣೆಯೂ ಬಂತು.”

ಆಮೇಲೆ ಮೇಷ್ಟರೆಲ್ಲರೂ ನಾಯಕನಿಗೆ ನಿಷ್ಠರಾಗಿರುತ್ತೇವೆಂದು ಸಹಿ ಹಾಕಬೇಕೆಂದು ಬಂತಂತೆ. ಇವರು ಎಲ್ಲರಿಗಿಂತ ಮೊದಲು, ಅಂದವಾದ ಅಕ್ಷರದಲ್ಲಿ ಹಾಕಿದರು. ಜೊತೆಯ ಗಣಿತದ ಮೇಷ್ಟರೊಬ್ಬರು ಹಾಕಲಿಲ್ಲ. ಕೆಲಸ ಹೋಯಿತು. ಯಾರ ಯಾರ ಅಡುಗೆಮನೆಯಲ್ಲೋ ಕೂತು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬದುಕಿದರು. “ರಸ್ತೆಯಲ್ಲಿ ಎದುರಾದಾಗ ನಾನು ಈ ಬದಿಯಿಂದ ಆ ಬದಿಗೆ ದಾಟುತ್ತಿದ್ದೆ” ಎಂದರು. ತೆರೇಸಮ್ಮನಿಗೆ ಇಂಗ್ಲಿಷು ಬಾರದು. ಆದರೂ ಈ ಮಾತು ಎಲ್ಲಿಗೆ ಬಂತೆಂದು ತಿಳಿದವರಂತೆ ತಲೆ ಬಗ್ಗಿಸಿದರು.

ನಮ್ಮವರು ಇಂಥ ದೊಡ್ಡ ವಿದ್ವಾಂಸರ ಮುಂದೆ ಸುಮ್ಮನಿರಲಾರದೆ, ತಾವೂ ಒಂದು ಪುಸ್ತಕ ಬರೆಯುತ್ತಿರುವುದನ್ನು ಹೇಳಿ, ದೀಪದ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದರು. ಪ್ರೊಫೆಸರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

“ಚೆನ್ನಾಗಿದೆ” ಎಂದರು. “ನಾನು ದೀಪ ಎಂದಿರಲಿಲ್ಲ. ಗಂಟೆ ಎಂದಿದ್ದೆ. ಊರಿಗೆ ಒಂದೇ ಗಂಟೆ ಸಾಕು, ಮನೆಗೊಂದು ಬಾರಿಸಿದರೆ ಯಾವ ಸದ್ದೂ ತಿಳಿಯದು ಎಂದು. ನಿಮ್ಮದು ನನ್ನದಕ್ಕಿಂತ ಚೆನ್ನಾಗಿದೆ.”

ನಮ್ಮವರ ಕಿವಿ ಕೆಂಪಾಯಿತು. ಹೊಗಳಿಕೆಗೆ ಅಷ್ಟು ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

ಏಳುವಾಗ ಪ್ರೊಫೆಸರು ನನ್ನ ಕಡೆ ತಿರುಗಿ ಕೈಮುಗಿದರು. “ನಿಮ್ಮ ದೇವರಿಗೆ ಅವಮಾನ ಎಂದು ತಿಳಿಯಬೇಡಿ. ದಯವಿಟ್ಟು ಪಟ ಬೇರೆ ಕಡೆ ಇಡಿ. ಆ ಜಾಗ ಖಾಲಿಯಾಗಿಯೇ ಇರಲಿ. ದಿನಾ ನೋಡಬೇಕು ನಾನು.”

ಸುಬ್ರಹ್ಮಣ್ಯನನ್ನು ಕಿಟಕಿಯ ಕಟ್ಟೆಗೆ ಇಳಿಸಿದೆ. ಅಲ್ಲಿಂದ ಸ್ವಾಮಿಗೆ ಹಿಮದ ಬೆಟ್ಟ ಕಾಣುತ್ತಿತ್ತು. ಮೊಳೆಯ ಕುಂಕುಮವನ್ನು ಒರೆಸಲು ಹೋದರೆ ತೆರೇಸಮ್ಮ ಕೈ ಹಿಡಿದು ಬೇಡವೆಂದರು. ತನ್ನ ತಪ್ಪಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ತೀರ್ಥಕ್ಷೇತ್ರಗಳಿಗೆ ಹೋದಾಗ ಆಗುವ ಹಾಗೆ ಮನಸ್ಸು ತಾನಾಗಿ ಬಾಗಿತು.

ಮೊಟ್ಟೆ ಮನೆ

ಮೊಟ್ಟೆ ತಯಾರಿಸುವ ಕಾರ್ಖಾನೆ ಊರಾಚೆ ಇತ್ತು. ಉದ್ದನೆಯ ಬೆಳಕಿನ ಹಜಾರ, ಕಿಟಕಿಯುದ್ದಕ್ಕೂ ಹೆಂಗಸರ ಸಾಲು, ಪ್ರತಿಯೊಬ್ಬರ ಮುಂದೆ ಒಂದು ಸೂಕ್ಷ್ಮದರ್ಶಕ. ಯಾರೂ ಮಾತಾಡುವುದಿಲ್ಲ. ದೇವಸ್ಥಾನದಲ್ಲೂ ಅಷ್ಟು ನಿಶ್ಶಬ್ದ ನಾನು ಕಂಡಿಲ್ಲ. ನಮಗೆ ಕೆಲಸ ಕಲಿಸಿದವಳು ಲೂಚಿಯಾ, ಮೂವತ್ತೈದರ ಆಸುಪಾಸು, ಬಿಗಿದ ತುಟಿ, ಬಿರುಸು ಕೈ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮವರು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಎರಡು ವಾರ ಕಳೆದ ಮೇಲೆ ತಿಳಿಯಿತು, ಅವಳು ಪ್ರೊಫೆಸರ ಮಗಳು. ಊರಲ್ಲೇ ಬೇರೆ ಮನೆ ಮಾಡಿಕೊಂಡಿದ್ದಳು. ತಂದೆಯನ್ನು ‘ಪ್ರೊಫೆಸರು’ ಎಂದೇ ಕರೆಯುತ್ತಿದ್ದಳು.

ಅಲ್ಲಿಯ ಕ್ರಮ ಇದು. ಒಂದೊಂದು ತಾಯಿಚಿಟ್ಟೆಯನ್ನೂ ಒಂದೊಂದು ಪುಟ್ಟ ಚೀಲದಲ್ಲಿ ಬೇರೆಯಾಗಿ ಇಟ್ಟು ಮೊಟ್ಟೆ ಇಡಿಸುತ್ತಾರೆ. ಚಿಟ್ಟೆ ಸತ್ತ ಮೇಲೆ ಅದನ್ನು ಸಣ್ಣ ಒರಳಿನಲ್ಲಿ ಹನಿ ನೀರು ಹಾಕಿ ಅರೆದು, ಆ ರಸವನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಮೊಟ್ಟೆಯನ್ನು ಎಷ್ಟು ನೋಡಿದರೂ ರೋಗ ಕಾಣುವುದಿಲ್ಲ, ತಾಯಿಯನ್ನೇ ಅರೆದು ನೋಡಬೇಕು.

ಒಂದು ದಿನ ಲೂಚಿಯಾ ನನ್ನನ್ನು ಕೂರಿಸಿ ಒಂದು ಚೀಲದ ಮೊಟ್ಟೆ ತೋರಿಸಿದಳು. ಎಂಥ ಮೊಟ್ಟೆ! ಒಂದರ ಪಕ್ಕ ಒಂದು, ಸಾಸಿವೆ ಪೋಣಿಸಿಟ್ಟ ಹಾಗೆ. ನಮ್ಮೂರಲ್ಲಿ ಆಗಿದ್ದರೆ ಕಣ್ಣಿಗೊತ್ತಿಕೊಂಡು ತಟ್ಟೆಗೆ ಹಾಕುತ್ತಿದ್ದೆವು. ಆಮೇಲೆ ಅದರ ತಾಯಿಯ ರಸವನ್ನು ತೋರಿಸಿದಳು. ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು ತಿಳಿಯಾಗಿ, ಅದರಲ್ಲಿ ಪುಟ್ಟ ಪುಟ್ಟ ಅಕ್ಕಿಕಾಳಿನ ಹಾಗೆ ಹೊಳೆಯುವ ಚುಕ್ಕೆಗಳು, ಒಂದಲ್ಲ, ನೂರಾರು. ಗಂಟುರೋಗ. ನಮ್ಮ ಎರಡು ಬೆಳೆಯನ್ನು ತಿಂದದ್ದು ಇದೇ. ನೋಡಲು ಎಷ್ಟು ಚೆಂದ ಹೊಳೆಯುತ್ತಿತ್ತು! ಲೂಚಿಯಾ ಆ ಸಾಸಿವೆಯಂಥ ಮೊಟ್ಟೆಗಳನ್ನೆಲ್ಲ ಎತ್ತಿ ಉರಿಯುವ ಒಲೆಗೆ ಹಾಕಿದಳು. ಅಯ್ಯೋ ಎಂದುಬಿಟ್ಟೆ.

“ಹುಳುವಿನ ತಪ್ಪಲ್ಲ” ಎಂದಳು ಅವಳು. “ಹುಳು ಕೊಟ್ಟ ಸೊಪ್ಪು ತಿನ್ನುತ್ತದೆ. ಬಿತ್ತನೆ ಮೊಟ್ಟೆ ಮಾಡಿ ಊರೂರಿಗೆ ಕಳಿಸುವವರು ನೋಡಬೇಕಾಗಿತ್ತು.”

ನಮ್ಮವರು, ನಿಮಗೆ ಈ ವಿದ್ಯೆ ಹೇಗೆ ಬಂತು ಎಂದು ಕೇಳಿದರು. ಲೂಚಿಯಾ ಗಾಜು ಒರೆಸುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಅವಳಿಗೆ ಡಾಕ್ಟರಾಗುವ ಆಸೆಯಿತ್ತು. ಮೇಲಿನ ಓದಿಗೆ ಸೇರಿಸಿ ಎಂದು ಕೇಳಲು ಹೋದಾಗ ಅಲ್ಲಿಯ ಮುಖ್ಯಸ್ಥರು ಒಂದು ಪುಸ್ತಕ ತೆರೆದು ಅವಳ ಮುಂದಿಟ್ಟರಂತೆ. ‘ಹೆಣ್ಣಿನ ವ್ಯಾಸಂಗ ಒಲೆಯ ಮುಂದೆ’ ಎಂದಿತ್ತು. “ಇದನ್ನು ಬರೆದವರು ನಿಮ್ಮ ತಂದೆಯೇ ಅಲ್ಲವೇ? ನಾವು ಅವರ ಮಾತು ಮೀರುವುದು ಹೇಗೆ?” ಎಂದರಂತೆ. ಮನೆಗೆ ಬಂದು ತಂದೆಯನ್ನು ಕೇಳಿದಳು. ಬರೆದದ್ದನ್ನು ಅಳಿಸಲು ಬರುತ್ತಿರಲಿಲ್ಲ, ಆಗಲೇ ಎಲ್ಲ ಮನೆಗೂ ಹೋಗಿತ್ತು.

ನಮ್ಮವರು ಈ ಕೊನೆಯ ಮಾತನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋದರು. ಹಿಪ್ಪುನೇರಳೆ ಮರಕ್ಕೆ ಒರಗಿ ನಿಂತಿದ್ದರು. ಉಳಿದದ್ದನ್ನು ಅಲ್ಲಿ ಹೇಳಿದರು. ಹೇಳಿ, “ಕಮಲಿ ಪುಸ್ತಕಾನೆಲ್ಲ ಎಲ್ಲಿಟ್ಟವ್ಳೆ?” ಎಂದರು.

“ಅಟ್ಟದ ಮೇಲೆ” ಎಂದೆ.

ಮತ್ತೆ ಹಡಗು

ಹೊರಡುವ ದಿನ ತೆರೇಸಮ್ಮ ನನ್ನ ಎರಡು ಕೆನ್ನೆಗೂ ಮುತ್ತು ಕೊಟ್ಟರು. ಬಂದ ದಿನ ಹೀಗೆ ಮಾಡಿದ್ದಕ್ಕೆ ಒಳಗೆ ಹೋಗಿ ಮುಖ ತೊಳೆದುಕೊಂಡಿದ್ದೆ. ಈ ಸಲ ತೊಳೆಯಲಿಲ್ಲ. ಅವರ ಹಣೆಗೆ ಕುಂಕುಮ ಇಟ್ಟೆ. ಪ್ರೊಫೆಸರು ನಮ್ಮವರ ಕೈ ಹಿಡಿದು, ನಿಮ್ಮ ಪುಸ್ತಕ ಅಚ್ಚಾದರೆ ನನಗೂ ಒಂದು ಪ್ರತಿ ಎಂದರು.

ಹಡಗಿನಲ್ಲಿ ಎರಡನೆಯ ದಿನ ಬರಹದ ಕಟ್ಟನ್ನು ತಂದು ನನ್ನ ಮಡಿಲಿಗೆ ಹಾಕಿದರು.

“ನೀನೇ ನೋಡು.”

“ನಾನಾ? ನಾಲ್ಕನೇ ಕ್ಲಾಸು ನಾನು.”

“ಗಾಜಿನಲ್ಲಿ ನೋಡಿ ಕಲಿತೆಯಲ್ಲ, ಹಾಗೆ ನೋಡು. ಚುಕ್ಕೆ ಕಂಡ್ರೆ ಹೇಳು.”

ಅಕ್ಷರಕ್ಕೆ ಬೆರಳಿಟ್ಟು ಓದುವವಳು ನಾನು. ಏಳು ದಿನ ಹಿಡಿಯಿತು. ಮೊದಲ ಸಲ ಕಿವಿಯಿಂದ ಕೇಳಿದಾಗ ಹಾಲಿನಂತೆ ಇಳಿದದ್ದು ಈಗ ಬೆರಳಿಗೆ ತಡೆಯುತ್ತಿತ್ತು. ಪ್ರತಿ ಮಾತನ್ನೂ ಕಮಲಿಯ ಪಕ್ಕದಲ್ಲಿಟ್ಟು ನೋಡಿದೆ. ದೀಪದ ವಾಕ್ಯ ಬಂದಾಗ ಮಧ್ಯಾಹ್ನ. ಕಡಲು ತಟ್ಟೆಯಂತೆ ಮಲಗಿತ್ತು.

“ಏನೂಂದ್ರೆ, ಈ ಒಂದು ದೀಪ ಮನೇಲಿ ಎಲ್ಲಿರ್ತೈತೆ?”

“ಎಲ್ಲಿ ಅಂದ್ರೆ? ನಡುಮನೇಲಿ.”

“ನಡುಮನೇಲಿ ಯಾರಿರ್ತಾರೆ?”

ಅವರು ನನ್ನ ಮುಖ ನೋಡಿದರು.

“ನಾನು ಬಂದು ಹದಿನಾರು ವರ್ಸ ಆಯ್ತು. ಒಲೆ ಉರಿ ಬೆಳಕಲ್ಲೇ ಮುದ್ದೆ ತಿರುವಿದೀನಿ. ಹುಳ ಬಿದ್ದ ಅವರೆಕಾಳ್ನ ಕಣ್ಣಲ್ಲಿ ನೋಡಿ ಆರಿಸಿದ್ದಿಲ್ಲ, ಬೆರಳಲ್ಲಿ ಮುಟ್ಟಿ ಆರಿಸೋದು. ಕಮಲಿನೂ ಹಂಗೇ ಕಲ್ತವ್ಳೆ. ಒಂದು ದೀಪ ಸಾಕು ಅಂತೀರ. ನಿಮ್ಗೆ ಸಾಕು, ನಿಜ. ಅದು ನಿಮ್ಮ ಮುಂದೆ ಐತೆ.”

ಹೇಳಿದ ಮೇಲೆ ನನಗೇ ಭಯವಾಯಿತು. ಗಂಡನಿಗೆ ಅಷ್ಟು ಉದ್ದ ಮಾತು ನಾನು ಎಂದೂ ಆಡಿರಲಿಲ್ಲ. ಆ ವಾಕ್ಯಕ್ಕೆ ಮೊದಲು ಕಣ್ಣೀರು ಹಾಕಿದವಳೂ ನಾನೇ ಎನ್ನುವುದು ನೆನಪಾಗಿ ನಾಚಿಕೆಯೂ ಆಯಿತು. ಅವರು ಕಟ್ಟನ್ನು ಎತ್ತಿಕೊಂಡು ಕಂಬಿಯ ಬಳಿ ಹೋಗಿ, “ಕಡಲಿಗೆ ಹಾಕ್ಲಾ?” ಎಂದರು.

“ಅಯ್ಯೋ ಬಿಡ್ರೀ. ಹಿಂದ್ಗಡೆ ಎಲ್ಲಾ ಖಾಲಿ ಐತೆ. ಒಳ್ಳೇ ಕಾಗದ” ಎಂದೆ.

ಊರು

ಬಂದ ಮೂರನೆಯ ದಿನವೇ ಗೌಡರು ಬಂದರು. ನಾನು ಎಲೆ ಅಡಿಕೆ ತಟ್ಟೆ ಇಟ್ಟು ಬಾಗಿಲ ಮರೆಗೆ ನಿಂತೆ.

“ಏನ್ ಮೇಷ್ಟ್ರೇ, ಪುಸ್ತಕ ಗೂಡು ಕಟ್ತೋ?”

“ಮೊಟ್ಟೆ ಇಟ್ಟಿತ್ತು ಗೌಡ್ರೇ. ಪರೀಕ್ಷೇಲಿ ನಿಲ್ಲಲಿಲ್ಲ.”

“ಯಾವ ಪರೀಕ್ಷೆ? ಯಾರ್ ಮಾಡಿದ್ದು?”

ನಮ್ಮವರು ಬಾಗಿಲ ಕಡೆ ಕೈ ತೋರಿಸಿದರು. “ಇವ್ಳು.”

ಗೌಡರು ಎಲೆಯಡಿಕೆ ಉಗುಳುವಷ್ಟು ನಕ್ಕರು. “ಏನಮ್ಮಾ ಲಕ್ಷ್ಮಮ್ಮ, ದೊಡ್ಡ ಪಂಡಿತಳಾಗ್ಬಿಟ್ಟೆ! ಏನ್ ತಪ್ಪು ಕಂಡೆ ಹೇಳಮ್ಮ.”

“ನೋಡಕ್ಕೆ ಬಲೇ ಚೆಂದಾಗಿತ್ತು ಗೌಡ್ರೇ” ಎಂದೆ ಮರೆಯಿಂದಲೇ. “ಹೋದ ವರ್ಸ ನಮ್ಮ ಮೊಟ್ಟೆನೂ ಹಂಗೇ ಇದ್ವಲ್ಲ.”

ಗೌಡರ ನಗೆ ನಿಂತಿತು. ಅವರದೂ ಎರಡು ಬೆಳೆ ಹೋಗಿತ್ತು. “ಮೇಷ್ಟ್ರೇ, ನಿಮ್ಮನ್ನ ಸಮುದ್ರ ದಾಟಿಸಿದ್ದು ನಾನು” ಎಂದರು.

“ಹೌದು ಗೌಡ್ರೇ. ಅಲ್ಲಿ ಕಲ್ತದ್ದನ್ನೇ ಹೇಳ್ತಿದೀನಿ.”

“ನೀವು ಬರೀದಿದ್ರೆ ಬರೆಯೋರ್ಗೆ ಬರವಾ?” ಎಂದು ಟವೆಲು ಕೊಡವಿಕೊಂಡು ಎದ್ದರು.

ಬರವಿರಲಿಲ್ಲ. ಬೆಂಗಳೂರಿನಿಂದ ಓದಿದವರೊಬ್ಬರು ಬಂದು ತಿಂಗಳಲ್ಲಿ ಬರೆದುಕೊಟ್ಟರು. ಅಚ್ಚಾಗಿ ಮನೆಮನೆಗೂ ಬಂತು, ನಮ್ಮ ಮನೆಗೂ ಬಂತು. ಓದಿದೆ. ನಮ್ಮವರ ಹಾಲಿನ ಸಿಹಿ ಅದರಲ್ಲಿಲ್ಲ. ಅರ್ಧ ಊರು ಎರಡು ಪುಟಕ್ಕೇ ನಿದ್ದೆ ಹೋಯಿತು. ಅದೂ ಒಂದು ದಯೆ ಎಂದುಕೊಂಡೆ. ಉಳಿದ ಅರ್ಧ ಊರು ಎಚ್ಚರವಾಗಿಯೇ ಓದಿತು. ಅದನ್ನೂ ಹೇಳಬೇಕು. ಕಾರ್ಯದರ್ಶಿ ಕೆಲಸ ಹೋಯಿತು, ನಮ್ಮವರು ಮತ್ತೆ ಸ್ಕೂಲಿಗೆ ಹೊರಟರು. ಅಲ್ಲಿಂದ ತಂದ ಸೂಕ್ಷ್ಮದರ್ಶಕದಲ್ಲಿ ಚಿಟ್ಟೆ ಅರೆದು ನೋಡುವುದನ್ನು ಕಲಿಯಲು ನಮ್ಮ ಹಟ್ಟಿಗೆ ಸದ್ಯ ನಾಲ್ಕು ಜನ ಹೆಂಗಸರು ಬರುತ್ತಾರೆ. ಅದರಲ್ಲಿ ಒಬ್ಬಳು ಗೌಡರ ಸೊಸೆ. ಹಿತ್ತಲ ಬಾಗಿಲಿನಿಂದ ಬರುತ್ತಾಳೆ.

ಕಮಲಿ ಮೊದಲ ಸಲ ದೇವನಹಳ್ಳಿಯ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗಿ ಬಂದ ದಿನ ಸಂಜೆ, ನಮ್ಮವರು ಒಂದು ಲಾಟೀನು ತಂದರು. ಏನೂ ಹೇಳದೆ ಅಡುಗೆಮನೆಗೆ ನುಗ್ಗಿ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯತೊಡಗಿದರು. ಹದಿನಾರು ವರ್ಷದಲ್ಲಿ ಅವರು ಆ ಗೋಡೆಯನ್ನು ಸರಿಯಾಗಿ ನೋಡಿದ್ದೇ ಅಂದು. ಮೊದಲನೆಯ ಏಟಿಗೆ ಗಾರೆ ಉದುರಿ ಸಾರಿಗೆ ಬಿತ್ತು, ಎರಡನೆಯದಕ್ಕೆ ಹೆಬ್ಬೆರಳು ಜಜ್ಜಿತು. ಮೂರನೆಯದಕ್ಕೆ ಮೊಳೆ ನಿಂತಿತು.

ಲಾಟೀನು ತೂಗುಹಾಕುವ ಮೊದಲು ನಾನು ಮೊಳೆಗೆ ಕುಂಕುಮ ಇಟ್ಟೆ.

“ಮೊಳೆಗ್ಯಾಕಮ್ಮಾ ಕುಂಕುಮ?” ಎಂದಳು ಕಮಲಿ. ಅಪ್ಪನ ಬರಹದ ಹಾಳೆಗಳನ್ನು ಬೋರಲು ಹಾಕಿಕೊಂಡು, ಖಾಲಿ ಬದಿಯಲ್ಲಿ ಲೆಕ್ಕ ಮಾಡುತ್ತಾ ಒಲೆಯ ಪಕ್ಕ ಕೂತಿದ್ದಳು.

“ಲೆಕ್ಕ ಮಾಡು” ಎಂದೆ. ಅವರೆಕಾಳಿನ ಮೊರ ಎಳೆದುಕೊಂಡು ನಾನೂ ಆ ಬೆಳಕಿಗೆ ಕೂತೆ. ಹುಳ ಬಿದ್ದ ಕಾಳು ಕಣ್ಣಿಗೇ ಕಾಣುತ್ತಿತ್ತು.